ತಿಂತೀರಾ?

ಕನ್ನಡದಲ್ಲಿ ಕರ್ಮಪದವೇ ಬೇಡದ ಎರಡು ಪ್ರಶ್ನೆಗಳಿವೆ. ಯಾರಾದರೂ ದನಿ ತಗ್ಗಿಸಿ ‘ಕುಡೀತೀರಾ?’ ಅಂದರೆ ಅದು ನೀರಿನ ವಿಚಾರವಲ್ಲ ಎಂದು ಎಲ್ಲರಿಗೂ ಗೊತ್ತು. ‘ತಿಂತೀರಾ?’ ಕೂಡ ಹಾಗೇ. ಏನನ್ನು ಎಂದು ಯಾರೂ ತಿರುಗಿ ಕೇಳುವುದಿಲ್ಲ. ದಿನಾ ಮೂರು ಹೊತ್ತು ಚೆನ್ನಾಗಿ ಉಣ್ಣುವ ಮನುಷ್ಯನೂ ‘ಇಲ್ಲ, ನಾವು ತಿನ್ನಲ್ಲ’ ಎಂದು ಸಲೀಸಾಗಿ ಹೇಳಿಬಿಡುತ್ತಾನೆ. ಹುಬ್ಬಳ್ಳಿ ಕಡೆ ಅದು ‘ತಿನ್ನಂಗಿಲ್ರಿ’ ಆಗುತ್ತದೆ. ಬಾಡು, ಖಂಡ, ಮೀನು, ಕೋಳಿ ಎಲ್ಲವೂ ಆ ಒಂದು ಕ್ರಿಯಾಪದದೊಳಗೆ ಅಡಗಿ ಕೂತಿವೆ. ಹಳಗನ್ನಡದಲ್ಲಿ ಮಾಂಸಕ್ಕೆ ‘ಅಡಗು’ ಅಂತಲೇ ಹೆಸರಿತ್ತು, ಅದು ಬೇರೆ ಮಾತು.

ಈ ಕ್ರಿಯಾಪದ ನನಗೆ ಇಷ್ಟ. ಕ್ರಿಯಾಪದವಾದ್ದರಿಂದಲೇ ಅದಕ್ಕೆ ವಾರ, ತಿಂಗಳು, ಜಾಗ ಎಲ್ಲ ಅಂಟಿಕೊಳ್ಳುತ್ತವೆ. ‘ಸೋಮವಾರ ತಿನ್ನಲ್ಲ.’ ‘ಶ್ರಾವಣ ಕಳೀಲಿ, ಆಮೇಲೆ.’ ‘ಮನೇಲಿ ತಿನ್ನಲ್ಲ, ಹೊರಗಡೆ ತಿಂತೀನಿ, ನಮ್ಮಮ್ಮನಿಗೆ ಹೇಳ್ಬೇಡಿ.’ ‘ಮೊಟ್ಟೆ ಆಗುತ್ತೆ.’ ‘ಪೀಸ್ ಬೇಡ, ಬರೀ ಸಾರು ಬಿಡಿ.’ ಈ ಕೊನೆಯ ಗುಂಪಿನವರ ಬಗ್ಗೆ ನನಗೆ ವಿಶೇಷ ಗೌರವ. ಅವರು ಯಾವ ವರ್ಗೀಕರಣಕ್ಕೂ ಸಿಕ್ಕುವವರಲ್ಲ. ಹಳೇ ಮೈಸೂರಿನ ಮನೆಗಳಲ್ಲಿ ಯುಗಾದಿಯ ದಿನ ಒಬ್ಬಟ್ಟಿನ ಸಿಹಿ ಊಟ, ಮಾರನೆಯ ದಿನ ಹೊಸತೊಡಕಿಗೆ ಬಾಡೂಟ. ಮೊದಲ ದಿನ ಆ ಮನೆಯವರು ಸಸ್ಯಾಹಾರಿಗಳಾಗಿದ್ದು ಎರಡನೆಯ ದಿನ ಮಾಂಸಾಹಾರಿಗಳಾದರು ಎಂದು ಯಾರೂ ಹೇಳುವುದಿಲ್ಲ. ನಿನ್ನೆ ಸಿಹಿ ಮಾಡಿದ್ದರು, ಇವತ್ತು ಬಾಡು ಮಾಡಿದ್ದಾರೆ, ಅಷ್ಟೇ.

ಆಮೇಲೆ ನಾಮಪದ ಬಂತು. ಇಂಗ್ಲೆಂಡಿನ ರಾಮ್ಸ್‌ಗೇಟ್‌ನಲ್ಲಿ 1847ರಲ್ಲಿ ವೆಜಿಟೇರಿಯನ್ ಸೊಸೈಟಿ ಹುಟ್ಟಿದ ಮೇಲೆ ಆ ಪದ ಚೆನ್ನಾಗಿ ಚಲಾವಣೆಗೆ ಬಂತು. ಅದಕ್ಕೆ ಮುಂಚೆ ಮಾಂಸ ಬಿಟ್ಟವರನ್ನು ಅಲ್ಲಿ ಪೈಥಾಗೊರಸನ ಪಂಥದವರು ಎಂದು ಕರೆಯುವ ರೂಢಿಯಿತ್ತು. ಅಲ್ಲಿ ವೆಜಿಟೇರಿಯನ್ ಅಂದರೆ ಮನೆಯವರಿಗೆಲ್ಲ ಎದುರು ನಿಂತು ತಾನಾಗಿ ಬಿಟ್ಟವನು. ನಮ್ಮಲ್ಲಿ ಅದು ಹುಟ್ಟಿನಿಂದಲೇ ತಿನ್ನದವರ ಬೆನ್ನಿಗೆ ಬಂದು ಅಂಟಿಕೊಂಡಿತು. ಎರಡನ್ನೂ ಬಲ್ಲವರು ಗಾಂಧಿ. ತಾಯಿಗೆ ಕೊಟ್ಟ ಮಾತಿಗಾಗಿ ಲಂಡನ್ನಿನಲ್ಲಿ ಮಾಂಸ ಮುಟ್ಟದೆ ಇದ್ದವರು, ಹೆನ್ರಿ ಸಾಲ್ಟ್‌ನ ಪುಸ್ತಕ ಓದಿದ ಮೇಲೆ ತಾನೇ ಆರಿಸಿಕೊಂಡು ಸಸ್ಯಾಹಾರಿಯಾದೆ ಎಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ನಮ್ಮಲ್ಲಿ ಎಷ್ಟು ಮಂದಿ ಆ ಎರಡನೆಯ ಹೆಜ್ಜೆ ಇಟ್ಟಿದ್ದೇವೆ? ನಾನು ಇಟ್ಟಿಲ್ಲ. ನಾನು ತಿನ್ನಲ್ಲ, ಅದು ಹುಟ್ಟಿದ ಮನೆಯ ಅಭ್ಯಾಸ. ಅದರಲ್ಲಿ ನನ್ನ ಸಾಧನೆ ಏನೂ ಇಲ್ಲ.

‘ವೆಜ್’ ಬಂದದ್ದರ ಜೊತೆಗೆ ‘ನಾನ್‌ವೆಜ್’ ಬಂತು. ಇದು ನಮ್ಮ ದೇಶದ ಹೋಟೆಲುಗಳಲ್ಲಿ ಬೆಳೆದ ಪದ. ತಿನ್ನುವುದೇ ವಾಡಿಕೆಯಾದ ಇಂಗ್ಲೆಂಡಿನಲ್ಲಿ ತಿನ್ನುವವನಿಗೆ ಪ್ರತ್ಯೇಕ ಹೆಸರು ಯಾಕೆ ಬೇಕು? ನಮ್ಮಲ್ಲಾದರೂ ಯಾಕೆ ಬೇಕಿತ್ತು ಅನ್ನಿಸುತ್ತದೆ. 2014ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ವಯಸ್ಸಿಗೆ ಬಂದವರಲ್ಲಿ ಹೆಚ್ಚೂಕಡಿಮೆ ಐವರಿಗೆ ನಾಲ್ವರು ತಿನ್ನುವವರೇ. ಆ ನಾಲ್ವರಿಗೆ ಹೆಸರೇನು? ‘ಅಲ್ಲದವರು’. ಐದನೆಯವನು ಅಳತೆಗೋಲಾಗಿ ಕೂತುಬಿಟ್ಟ.

ಅವನು ಅಲ್ಲಿಗೂ ನಿಲ್ಲಲಿಲ್ಲ, ‘ಪ್ಯೂರ್’ ಎಂದು ಬರೆಸಿಕೊಂಡ. ಮೊದಲು ಹೋಟೆಲಿನ ಬೋರ್ಡುಗಳು ಜಾತಿಯನ್ನೇ ನೇರವಾಗಿ ಹೇಳುತ್ತಿದ್ದವು: ಬ್ರಾಹ್ಮಣರ ಫಲಾಹಾರ ಮಂದಿರ, ಲಿಂಗಾಯತ ಖಾನಾವಳಿ. ಆ ಕಡೆ ಸಾವಜಿ ಖಾನಾವಳಿ ಅಂದರೆ ಏನು ಸಿಗುತ್ತದೆಂದು ಹುಬ್ಬಳ್ಳಿಯವರಿಗೆ ಹೇಳಬೇಕಿಲ್ಲ. ಈ ಕಡೆ ಮಿಲಿಟರಿ ಹೋಟೆಲು ಮಾಂಸದ ಮಾತೇ ಎತ್ತದೆ ಎಲ್ಲವನ್ನೂ ತಿಳಿಸುತ್ತಿತ್ತು. ಈಗ ಜಾತಿ ಬರೆಸಿದರೆ ಚೆನ್ನಾಗಿರುವುದಿಲ್ಲ, ಹಾಗಾಗಿ ‘ಪ್ಯೂರ್ ವೆಜ್’. ಸೊಪ್ಪು, ಬೇಳೆ ತಿನ್ನುವುದಕ್ಕೆ ಶುದ್ಧಿ ಯಾತಕ್ಕೆ? ಅಡುಗೆಮನೆಯಲ್ಲಿ ಮಾಂಸ ಬೇಯುವುದಿಲ್ಲ ಎಂದು ತಿಳಿಸಲು ‘ವೆಜ್’ ಸಾಲದೆ? ಸಾಲದು, ಯಾಕೆಂದರೆ ಆ ಪದ ಅಡುಗೆಯ ಬಗ್ಗೆ ಇಲ್ಲ, ಪಕ್ಕದ ಮೇಜಿನಲ್ಲಿ ಯಾರು ಕೂತಿರುವುದಿಲ್ಲ ಎಂಬುದರ ಬಗ್ಗೆ ಇದೆ.

ಇದು ಎಲ್ಲಕ್ಕಿಂತ ಚೆನ್ನಾಗಿ ಗೊತ್ತಾಗುವುದು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ. ಒಮ್ಮೆ ಸ್ನೇಹಿತನ ಜೊತೆ ಮನೆ ನೋಡಲು ಹೋಗಿದ್ದೆ. ಮನೆಯಾಕೆ ನೀರು, ಕರೆಂಟು, ಅಡ್ವಾನ್ಸು ಎಲ್ಲ ಹೇಳಿ ಮುಗಿಸಿ ಕೊನೆಗೆ ‘ನೀವು ತಿನ್ನೋರಾ?’ ಅಂದರು. ಅವನು ‘ಹೂಂ ಅಮ್ಮ, ತಿಂತೀವಿ’ ಅಂದ. ‘ತಿಂದ್ರೆ ನಮ್ದೇನೂ ಅಭ್ಯಂತರ ಇಲ್ಲಪ್ಪ, ಮನೇಲಿ ಮಾಡಬಾರದು ಅಷ್ಟೇ’ ಎಂದು ಆಕೆ ನಕ್ಕರು. ನನ್ನ ಕಡೆ ತಿರುಗಿ ‘ನಿಮ್ಮ ಮನೆದೇವರು ಯಾವುದು?’ ಎಂದು ಕೇಳಿದರು. ಮನೆ ಅವನಿಗೆ ಬೇಕಿದ್ದದ್ದು, ನನಗಲ್ಲ. ಆದರೆ ಪ್ರಶ್ನೆ ಊಟದಿಂದ ಮನೆದೇವರಿಗೆ ದಾಟಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ಕಾನೂನು ಈ ನಾಮಪದಗಳಿಗೆ ಬಣ್ಣ ಬಳಿದಿದೆ. ಪೊಟ್ಟಣದ ಮೇಲೆ ಹಸಿರು ಚುಕ್ಕಿ ವೆಜ್, ಕಂದು ಗುರುತು ನಾನ್‌ವೆಜ್. ಆ ಕಂದು ಚುಕ್ಕಿ ಈಚೆಗೆ ತ್ರಿಕೋನವಾಗಿದೆ. ನಿಯಮದ ಪ್ರಕಾರ ಪ್ರಾಣಿಯಿಂದ ಬಂದದ್ದೆಲ್ಲ ನಾನ್‌ವೆಜ್, ಮೊಟ್ಟೆಯೂ ಸೇರಿ. ಆದರೆ ಹಾಲು, ಹಾಲಿನ ಪದಾರ್ಥ, ಜೇನುತುಪ್ಪ, ಜೇನುಮೇಣ, ಅರಗು ಮಾತ್ರ ಅಲ್ಲ. ಅರಗು ಒಂದು ಹುಳ ಸ್ರವಿಸುವ ಅಂಟು. ಹುಳಕ್ಕೆ ಸಿಕ್ಕ ರಿಯಾಯಿತಿ ಮೊಟ್ಟೆಗೆ ಸಿಗಲಿಲ್ಲ. ಹಾಗಾಗಿ 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಬಂದಾಗ ಕೆಲವು ಮಠಗಳವರು ಎದ್ದು ನಿಂತರು. ಸರ್ಕಾರ ಮಾಡಿದ ಒಳ್ಳೆ ಕೆಲಸವೆಂದರೆ ನಾಮಪದದ ಜಗಳಕ್ಕೆ ಇಳಿಯದೆ ಕ್ರಿಯಾಪದ ಹಿಡಿದದ್ದು: ತಿನ್ನುವ ಮಗುವಿಗೆ ಮೊಟ್ಟೆ, ತಿನ್ನದ ಮಗುವಿಗೆ ಬಾಳೆಹಣ್ಣು.

ಈಗ ಹೊಸ ನಾಮಪದ ವೀಗನ್. 1944ರಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು ವೆಜಿಟೇರಿಯನ್ ಪದದ ತಲೆ, ಬಾಲ ಎರಡನ್ನು ಜೋಡಿಸಿ ಮಾಡಿಕೊಂಡದ್ದು. ಅಷ್ಟು ಹೊತ್ತಿಗೆ ನಮ್ಮ ಗಾಂಧಿ 1912ರಲ್ಲಿ ಹಾಲು ಬಿಟ್ಟು, ಮುಂದೆ ಕಾಯಿಲೆ ಬಿದ್ದು, ಕಸ್ತೂರಬಾ ಮಾತಿಗೆ ಕಟ್ಟುಬಿದ್ದು ಮೇಕೆ ಹಾಲು ಕುಡಿಯಲು ಶುರುಮಾಡಿ ಎಷ್ಟೋ ಕಾಲವಾಗಿತ್ತು. ನನ್ನ ಅಕ್ಕನ ಮಗಳು ಈಗ ವೀಗನ್. ಗೃಹಪ್ರವೇಶದ ಊಟಕ್ಕೆ ನನ್ನ ಪಕ್ಕದಲ್ಲೇ ಕೂತಿದ್ದಳು. ಬಡಿಸುವವರು ತುಪ್ಪದ ಗಿಂಡಿ ಹಿಡಿದು ಬಂದರು. ‘ತುಪ್ಪ ಬೇಡ’ ಅಂದಳು. ‘ಡಯಟ್ಟಾ ಮಗಳೇ?’ ‘ಅಲ್ಲ, ವೀಗನ್.’ ‘ಹಂಗಂದ್ರೆ?’ ‘ಹಾಲು, ಮೊಸರು, ತುಪ್ಪ ಯಾವುದೂ ತಿನ್ನಲ್ಲ.’ ‘ಓ, ವ್ರತ!’ ಎಂದು ಅವರ ಮುಖ ಅರಳಿತು. ಅಲ್ಲೇ ನಿಂತು ಲೆಕ್ಕ ಹಾಕಿದರು: ‘ಹುಳಿ ಆಗುತ್ತೆ, ಒಗ್ಗರಣೆ ಎಣ್ಣೇದೇ. ಕೋಸಂಬರಿ, ಪಲ್ಯ ಆಗುತ್ತೆ. ಮಜ್ಜಿಗೆಹುಳಿ ಬೇಡ. ಪಾಯಸ ಬೇಡ. ಹೋಳಿಗೆ ಎಣ್ಣೇಲೇ ಬೇಯ್ಸಿರೋದು, ಎರಡು ಹಾಕ್ಸ್ಕೋ.’ ಸುತ್ತ ಕೂತ ಬಂಧುಗಳೆಲ್ಲ ‘ಪ್ರೋಟೀನ್‌ಗೆ ಏನ್ಮಾಡ್ತೀಯ?’ ಎಂದು ಅವಳನ್ನು ವಿಚಾರಿಸಿಕೊಳ್ಳುತ್ತಿದ್ದಾಗ ಸರಿಯಾಗಿ ಅರ್ಥಮಾಡಿಕೊಂಡವರು ಅವರೊಬ್ಬರೇ.

ಅರ್ಥವಾಗಲು ಕಾರಣವೂ ಇದೆ. ಚಾತುರ್ಮಾಸ್ಯ ಹಿಡಿಯುವ ಮನೆಗಳಲ್ಲಿ ಮೊದಲ ತಿಂಗಳು ಶಾಕವ್ರತ, ತರಕಾರಿ ನಿಷಿದ್ಧ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದು ಕ್ಷೀರವ್ರತ, ಹಾಲಿಲ್ಲ, ನಾಲ್ಕನೆಯದರಲ್ಲಿ ದ್ವಿದಳ ಧಾನ್ಯವಿಲ್ಲ. ಶಾಕಾಹಾರಿಯೇ ಒಂದು ತಿಂಗಳು ಶಾಕ ಬಿಡುತ್ತಾನೆ. ಬಿಡುವುದೂ ಹಿಡಿಯುವುದೂ ಅವರಿಗೆ ಹೊಸದಲ್ಲ. ವೀಗನ್ನರು ಕೇಳುವ ಪ್ರಶ್ನೆ ಮಾತ್ರ ಹೊಸದು, ಮತ್ತು ಇರಿಯುವಂಥದ್ದು. ಮಡಿಗೆ ಶ್ರೇಷ್ಠವೆಂದು ಉಡುವ ರೇಷ್ಮೆ ಹುಳುವನ್ನು ಗೂಡಿನೊಳಗೇ ಬೇಯಿಸಿ ತೆಗೆದ ನೂಲು ಎಂದು ರಾಮನಗರದ ಕಡೆಯ ಮಕ್ಕಳಿಗೂ ಗೊತ್ತು. ಗಿಣ್ಣು ಯಾರ ಪಾಲಿನದೆಂದು ಹಸು ಕಟ್ಟಿದವರಿಗೆಲ್ಲ ಗೊತ್ತು. ರೇಷ್ಮೆ ಉಟ್ಟು ಗಿಣ್ಣು ತಿಂದವನು ‘ಪ್ಯೂರ್’ ಎಂದು ಎದೆ ತಟ್ಟಿಕೊಳ್ಳುವಾಗ ಅಕ್ಕನ ಮಗಳಿಗೆ ನಗು ಬಂದರೆ ನಾನು ತಪ್ಪೆನ್ನಲಾರೆ.

ಅವಳನ್ನು ಕೆಣಕಲು ನನ್ನ ಬಳಿಯೂ ಒಂದಿದೆ. ಸೋಯಾದಲ್ಲಿ ಮಾಡಿದ ‘ವೀಗನ್ ಚಿಕನ್’ ಅವಳ ಫ್ರಿಜ್ಜಿನಲ್ಲಿರುತ್ತದೆ. ಜನ್ನನ ಯಶೋಧರ ಚರಿತೆಯಲ್ಲಿ ದೇವಿಗೆ ಬಲಿ ಕೊಡಲು ತಾಯಿ ಒತ್ತಾಯಿಸಿದಾಗ ರಾಜ ಹಿಟ್ಟಿನ ಕೋಳಿ ಕಡಿಯುತ್ತಾನೆ. ಕಡಿದದ್ದು ಹಿಟ್ಟಾದರೂ ಸಂಕಲ್ಪ ಹಿಂಸೆಯದೇ ಎಂದು ಜನ್ಮಜನ್ಮಾಂತರ ಅಲೆಯುತ್ತಾನೆ. ‘ಅವನು ಕೊಲ್ಲೋ ಮನಸ್ಸಲ್ಲಿ ಹಿಟ್ಟು ಕಡಿದ, ನಾನು ಕೊಲ್ಲಬಾರದು ಅಂತ ಹಿಟ್ಟು ತಿಂತೀನಿ, ಮಾಮ’ ಎಂದಳು. ಹದಿಮೂರನೆಯ ಶತಮಾನದ ಕವಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಕೇಳಿಲ್ಲ.

ನನಗಿರುವ ತಕರಾರು ತಿನ್ನುವವರ ಮೇಲಲ್ಲ, ಬಿಟ್ಟವರ ಮೇಲೂ ಅಲ್ಲ, ಆ ಒಂದು ವಿಶೇಷಣದ ಮೇಲೆ. ಹೋಟೆಲಿನವರೇ, ‘ವೆಜ್’ ಇರಲಿ, ‘ಪ್ಯೂರ್’ ಅಳಿಸಿ. ಆ ಜಾಗದಲ್ಲಿ ಯಾವುದಕ್ಕೆ ತುಪ್ಪ, ಯಾವುದಕ್ಕೆ ಎಣ್ಣೆ ಹಾಕಿದ್ದೀರಿ ಅಂತ ಬರೆಸಿದರೆ ಬಂದವರಿಗೆ ಉಪಕಾರವಾಗುತ್ತದೆ.