ಸೀಸೆಯ ಮೇಲಿಲ್ಲದ ಹೆಸರು

ಶಿವಮೊಗ್ಗೆಯಲ್ಲಾಗಲಿ ಭದ್ರಾವತಿಯಲ್ಲಾಗಲಿ, ಮನೆಯ ಮಗನೋ ಮಗಳೋ ಪರದೇಶದ ಔಷಧ ಕಂಪನಿಯಲ್ಲಿ ಸಂಶೋಧನೆಗೆ ಸೇರಿದರೆಂಬ ಸುದ್ದಿ ಈಗ ಯಾರನ್ನೂ ಬೆರಗುಗೊಳಿಸುವುದಿಲ್ಲ. ಕ್ಯಾನ್ಸರಿನ ಮೇಲೆ ದೇಹದ ಸ್ವಂತ ರಕ್ಷಣಾ ಶಕ್ತಿಯನ್ನೇ ಎತ್ತಿಕಟ್ಟುವ ಕೆಲಸವಂತೆ ಎಂದು ಹಿರಿಯರು ಹೇಳಿಕೊಳ್ಳುವರು. ಸಂಬಳವೆಷ್ಟೆಂದು ಕೇಳುವವರುಂಟು, ಆ ಕೆಲಸದ ಪೂರ್ವಕಥೆಯನ್ನು ಕೇಳುವವರು ವಿರಳ. ಆ ಕಥೆಯ ಮೊದಲ ಪುಟಗಳಲ್ಲಿ ನಮ್ಮ ನೆರೆಯ ತೆಲುಗುನಾಡಿನವರೊಬ್ಬರಿದ್ದಾರೆ.

ಯಲ್ಲಾಪ್ರಗಡ ಸುಬ್ಬರಾಯರು 1895ರಲ್ಲಿ ಭೀಮವರದಲ್ಲಿ ಹುಟ್ಟಿದರು. ಮದರಾಸಿನ ವೈದ್ಯ ಕಾಲೇಜಿನಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ಉಟ್ಟುದು ಆಂಗ್ಲ ಪ್ರಾಧ್ಯಾಪಕರಿಗೆ ಸಹನೆಯಾಗಲಿಲ್ಲ. ಪೂರ್ಣ ಪದವಿಗೆ ಬದಲಾಗಿ ಕೆಳದರ್ಜೆಯ ಎಲ್.ಎಂ.ಎಸ್. ಮಾತ್ರ ದೊರೆಯಿತು. 1922ರಲ್ಲಿ ಪತ್ನಿಯನ್ನು ಊರಿನಲ್ಲಿ ಬಿಟ್ಟು ಬಾಸ್ಟನ್ ಸೇರಿದರು. ಮರಳಿ ಬರಲೇ ಇಲ್ಲ.

ಆ ಕಾಲವನ್ನು ನಾವು ನಮ್ಮ ಊರಿನಿಂದಲೇ ಅಳೆಯಬಹುದು. ಆಗ ಮೈಸೂರು ಸರ್ಕಾರವು ನ್ಯೂಯಾರ್ಕಿನ ಇಂಜಿನಿಯರುಗಳ ಸಲಹೆ ಪಡೆದು ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಕಟ್ಟುತ್ತಿದ್ದಿತು. 1923ರಲ್ಲಿ ಕುಲುಮೆ ಹೊತ್ತಿಕೊಂಡಿತು. ಅಮೆರಿಕದ ತಜ್ಞರಿಗೆ ಇಲ್ಲಿ ಸ್ವಾಗತ. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರು ಅಲ್ಲಿಯ ಪೌರರಾಗಲು ಅರ್ಹರಲ್ಲವೆಂದು ತೀರ್ಪಿತ್ತಿತು. ಆ ಬಾಗಿಲು ತೆರೆದುದು 1946ರಲ್ಲಿ.

ಹಾರ್ವರ್ಡಿನಲ್ಲಿ ಸುಬ್ಬರಾಯರು ಫಿಸ್ಕೆಯವರೊಡನೆ ರಕ್ತದಲ್ಲಿಯೂ ಮೂತ್ರದಲ್ಲಿಯೂ ಇರುವ ರಂಜಕವನ್ನು ಅಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. ಆದರೂ ಅಲ್ಲಿ ಕಾಯಂ ಹುದ್ದೆ ದೊರೆಯಲಿಲ್ಲ. 1940ರಲ್ಲಿ ಲೆಡರ್ಲೆ ಎಂಬ ಔಷಧ ಕಂಪನಿಯನ್ನು ಸೇರಿದರು. ಅವರ ತಂಡವು ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಆನೆಕಾಲು ರೋಗಕ್ಕೆ ಹೆಟ್ರಜಾನನ್ನು ಕೊಟ್ಟಿತು.

ರಕ್ತಕಣಗಳು ಹುಟ್ಟಲು ಫೋಲಿಕ್ ಆಮ್ಲ ಬೇಕು. ಅದನ್ನೇ ಹೋಲುವ, ಆದರೆ ಅದರ ಕೆಲಸಕ್ಕೆ ಅಡ್ಡಬರುವ ವಸ್ತುವನ್ನು ಕೊಟ್ಟರೆ, ಹುಚ್ಚಾಗಿ ಬೆಳೆಯುವ ಕಣಗಳು ತಡೆಯಲ್ಪಡಬೇಕಲ್ಲವೆ? ಅಂತಹ ಅಮಿನಾಪ್ಟೆರಿನ್ ಲೆಡರ್ಲೆಯಿಂದ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರರಿಗೆ ಹೋಯಿತು. ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ 16 ಮಕ್ಕಳಲ್ಲಿ 10 ಮಂದಿ ಚೇತರಿಸಿಕೊಂಡರೆಂದು ಅವರು 1948ರ ಜೂನಿನಲ್ಲಿ ವರದಿ ಮಾಡಿದರು. ಆ ಚೇತರಿಕೆ ತಾತ್ಕಾಲಿಕವಾಗಿದ್ದಿತು; ಆದರೂ ಆ ರೋಗವನ್ನು ಔಷಧದಿಂದ ಹಿಮ್ಮೆಟ್ಟಿಸಬಹುದೆಂಬುದು ಸಿದ್ಧವಾಯಿತು. ಅದರ ಸೋದರ ವಸ್ತುವಾದ ಮೆಥೊಟ್ರೆಕ್ಸೇಟ್ ಇಂದಿಗೂ ಕ್ಯಾನ್ಸರಿಗೆ ಬಳಕೆಯಲ್ಲಿದೆ. ರಕ್ಷಣಾ ಶಕ್ತಿಯು ದಾರಿತಪ್ಪಿ ತನ್ನದೇ ಕೀಲುಗಳನ್ನು ಕಾಡುವ ಸಂಧಿವಾತದಲ್ಲಿ, ಅಲ್ಪ ಪ್ರಮಾಣದಲ್ಲಿ ಕೊಟ್ಟರೆ ಅದೇ ಮದ್ದು ಆ ಶಕ್ತಿಯನ್ನು ಶಮನಗೊಳಿಸುತ್ತದೆ.

ವರದಿ ಬಂದ ಎರಡು ತಿಂಗಳಿಗೆ, 1948ರ ಆಗಸ್ಟಿನಲ್ಲಿ, ಸುಬ್ಬರಾಯರು 53ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕಡಲು ದಾಟುವಾಗ ಬಿಟ್ಟುಹೋದ ಪತ್ನಿ ಅವರನ್ನು ಮತ್ತೆ ಕಾಣಲಿಲ್ಲ. ಸೀಸೆಗಳ ಮೇಲೆ ಕಂಪನಿಯ ಹೆಸರಿದ್ದಿತು, ಅವರದಲ್ಲ. ಭಾರತವು ಅವರ ಅಂಚೆಚೀಟಿ ಹೊರಡಿಸಿದುದು ಅವರು ಹುಟ್ಟಿ ನೂರು ವರ್ಷವಾದ ಮೇಲೆ, 1995ರಲ್ಲಿ.

ರಕ್ಷಣಾ ಶಕ್ತಿಗೆ ಹಾಕಿದ ಕಡಿವಾಣವನ್ನು ಸಡಿಲಿಸಿ ಕ್ಯಾನ್ಸರನ್ನು ಎದುರಿಸುವ ಇಪಿಲಿಮುಮಾಬ್ 2011ರಲ್ಲಿ ಅಮೆರಿಕದ ಅನುಮತಿ ಪಡೆಯಿತು. ಆ ಮಾರ್ಗವನ್ನು ತೋರಿದ ಆಲಿಸನ್ ಮತ್ತು ಹೊಂಜೊ ಎಂಬಿಬ್ಬರಿಗೆ 2018ರಲ್ಲಿ ನೊಬೆಲ್ ಸಂದಿತು. ಅವರಿಬ್ಬರ ಹೆಸರು ಪತ್ರಿಕೆಗಳಲ್ಲಿ ಬಂದಿತು. ಕಂಪನಿಯ ಪ್ರಯೋಗಶಾಲೆಗಳಲ್ಲಿ ಆ ಅರಿವನ್ನು ಮದ್ದಾಗಿಸಿದ ಅನೇಕರ ಹೆಸರು ಎಲ್ಲಿಯೂ ಕಾಣಲಿಲ್ಲ. ಅವರ ಸಾಲಿನಲ್ಲಿಯೇ ನಮ್ಮ ಮಕ್ಕಳೂ ಈಗ ನಿಂತಿರುವುದು.

ಇಂದಿನವರಿಗೆ ಸುಬ್ಬರಾಯರ ವನವಾಸವಿಲ್ಲ ನಿಜ. ಊರಿಗೆ ಬಂದುಹೋಗಬಹುದು, ಇಂತಹ ಕೆಲಸಕ್ಕೆ ಬೆಂಗಳೂರಿನಲ್ಲಿಯೇ ಪ್ರಯೋಗಶಾಲೆಗಳುಂಟು. ಆದರೆ ಅವರ ಹೆಸರನ್ನು ಸೀಸೆ ಹೇಳುವುದಿಲ್ಲ. ರಜೆಗೆ ಬಂದವರನ್ನು, ಸಂಬಳ ಕೇಳುವುದಕ್ಕೆ ಮೊದಲು, ಯಾವ ರೋಗದೊಡನೆ ಹೋರಾಡುತ್ತಿರುವಿರೆಂದು ನಾವು ಕೇಳಬಾರದೆ?