ಇಟ್ ಈಸ್ ವಾಟ್ ಇಟ್ ಈಸ್

ಅಮೆರಿಕದ ಬೇಸ್ ಗಿಟಾರ್ ವಾದಕನೂ ಗಾಯಕನೂ ಆದ ಥಂಡರ್‌ಕ್ಯಾಟನ ನಾಲ್ಕನೆಯ ಸ್ಟುಡಿಯೋ ಆಲ್ಬಂ. ಬ್ರೇನ್‌ಫೀಡರ್ ಸಂಸ್ಥೆಯಿಂದ 2020ರ ಏಪ್ರಿಲ್ 3ರಂದು ಪ್ರಕಟವಾಯಿತು. ಇದರಲ್ಲಿ 15 ಗೀತೆಗಳಿದ್ದು ಒಟ್ಟು ಅವಧಿ ಸುಮಾರು 37 ನಿಮಿಷ. ಸಂಸ್ಥೆಯ ಸ್ಥಾಪಕನಾದ ಫ್ಲೈಯಿಂಗ್ ಲೋಟಸ್ ಥಂಡರ್‌ಕ್ಯಾಟನೊಡಗೂಡಿ ಇದನ್ನು ನಿರ್ಮಿಸಿದನು.

ಥಂಡರ್‌ಕ್ಯಾಟನ ನಿಜನಾಮ ಸ್ಟೀಫನ್ ಬ್ರೂನರ್. ಜನನ 1984, ಲಾಸ್ ಏಂಜಲಿಸ್. ತಂದೆಯೂ ಅಣ್ಣನೂ ಡ್ರಮ್ ವಾದಕರಾಗಿದ್ದ ಮನೆತನದಲ್ಲಿ ಬೆಳೆದ ಈತ, ಸುಯಿಸೈಡಲ್ ಟೆಂಡೆನ್ಸೀಸ್ ಎಂಬ ರಭಸದ ರಾಕ್ ತಂಡದಲ್ಲಿ ಬೇಸ್ ನುಡಿಸಿ, ತರುವಾಯ ಜಾಸ್, ಫಂಕ್ ಮತ್ತು ಹಿಪ್‌ಹಾಪ್ ಸಂಪ್ರದಾಯಗಳನ್ನು ಬೆಸೆದ ತನ್ನದೇ ಶೈಲಿಯನ್ನು ರೂಢಿಸಿಕೊಂಡನು. ಸಾಮಾನ್ಯವಾಗಿ ನಾಲ್ಕು ತಂತಿಗಳಿರುವ ಬೇಸ್ ಗಿಟಾರಿಗೆ ಪ್ರತಿಯಾಗಿ ಆರು ತಂತಿಗಳದನ್ನು ಬಳಸುವುದರಿಂದ, ಮಂದ್ರದಲ್ಲಿ ಲಯಕ್ಕೆ ಆಧಾರವಾಗಿ ನಿಲ್ಲುವ ಆ ವಾದ್ಯವೇ ಈತನ ಕೈಯಲ್ಲಿ ತಾರಕ್ಕೇರಿ ರಾಗವನ್ನೂ ಸ್ವರಮೇಳವನ್ನೂ ವಹಿಸಬಲ್ಲುದು.

ಆಲ್ಬಮ್ಮಿನ ವೈಶಿಷ್ಟ್ಯವು ಬಹುಮಟ್ಟಿಗೆ ಅತಿಥಿ ಕಲಾವಿದರ ಆಯ್ಕೆಯಲ್ಲಿದೆ. 'ಬ್ಲ್ಯಾಕ್ ಕ್ವಾಲ್ಸ್' ಎಂಬ ಗೀತೆಯಲ್ಲಿ, ಓಹಾಯೋದ ಡೇಟನ್ ನಗರದ ಸ್ಲೇವ್ ತಂಡದಿಂದ ಪ್ರಸಿದ್ಧನಾದ, 1956ರಲ್ಲಿ ಜನಿಸಿದ ಸ್ಟೀವ್ ಆರಿಂಗ್‌ಟನ್ನನೂ, 1998ರಲ್ಲಿ ಜನಿಸಿದ ಸ್ಟೀವ್ ಲೇಸಿಯೂ ಒಟ್ಟಿಗೆ ಹಾಡಿದ್ದಾರೆ. ಇವರೊಡನೆ ಚೈಲ್ಡಿಶ್ ಗ್ಯಾಂಬಿನೋ ಸಹ ಸೇರಿರುವನು. ಅಭ್ಯುದಯವನ್ನು ಪಡೆದ ಕಪ್ಪು ಜನಾಂಗದವನು ಅದನ್ನು ಹೊರಗೆ ತೋರಿಸಿಕೊಳ್ಳಲು ಅಳುಕುವ ಮನಃಸ್ಥಿತಿಯೇ ಈ ಗೀತೆಯ ವಸ್ತು. ಹಳೆಯ ಫಂಕ್ ಸಂಗೀತವನ್ನು ಕೇವಲ ಅನುಕರಿಸದೆ, ಅದನ್ನು ಕಟ್ಟಿದವರಲ್ಲೊಬ್ಬನನ್ನೇ ಕರೆತಂದು ಕಿರಿಯರ ಮಗ್ಗುಲಲ್ಲಿ ನಿಲ್ಲಿಸಿರುವುದರಿಂದ, ಒಂದು ಪರಂಪರೆಯ ಎರಡು ತುದಿಗಳು ಇಲ್ಲಿ ಏಕಕಾಲದಲ್ಲಿ ಕೇಳಿಬರುತ್ತವೆ. ಸ್ಯಾಕ್ಸೊಫೋನ್ ವಾದಕ ಕಮಾಸಿ ವಾಷಿಂಗ್ಟನ್, ಡ್ರಮ್ ವಾದಕ ಲೂಯಿಸ್ ಕೋಲ್, ಬ್ರೆಜಿಲ್ ದೇಶದ ಗಿಟಾರ್ ವಾದಕ ಪೆಡ್ರೊ ಮಾರ್ಟಿನ್ಸ್ ಮೊದಲಾದವರೂ ಭಾಗವಹಿಸಿದ್ದಾರೆ.

ಕೃತಿಯ ಅಂತರಂಗದಲ್ಲಿರುವುದು ಶೋಕ. ಥಂಡರ್‌ಕ್ಯಾಟನ ಆಪ್ತಮಿತ್ರನಾಗಿದ್ದ ರ‍್ಯಾಪ್ ಗಾಯಕ ಮ್ಯಾಕ್ ಮಿಲ್ಲರ್ 2018ರ ಸೆಪ್ಟೆಂಬರಿನಲ್ಲಿ ತನ್ನ 26ನೆಯ ವಯಸ್ಸಿನಲ್ಲಿ ಮೃತನಾದನು. ಟೈ ಡಾಲಾ ಸೈನ್ ಮತ್ತು ಲಿಲ್ ಬಿ ಇವರೊಡನೆ ಹಾಡಿದ 'ಫೇರ್ ಚಾನ್ಸ್' ಆ ಅಗಲಿಕೆಯನ್ನು ಕುರಿತದ್ದು. ಆದರೂ ಜಪಾನಿನ ಡ್ರ್ಯಾಗನ್ ಬಾಲ್ ಚಿತ್ರಕಥೆಯ ಮೇಲಣ ಮೋಹವನ್ನು ಪ್ರಣಯಯಾಚನೆಯೊಡನೆ ಬೆರೆಸಿ ನಗಿಸುವ 'ಡ್ರ್ಯಾಗನ್‌ಬಾಲ್ ಡೂರ‍್ಯಾಗ್' ಇದೇ ಆಲ್ಬಮ್ಮಿನಲ್ಲಿರುವುದರಿಂದ, ಹಾಸ್ಯವೂ ದುಃಖವೂ ಒಂದನ್ನೊಂದು ಮರೆಮಾಡದೆ ಸಾಗುತ್ತವೆ. ಗೀತೆಗಳಲ್ಲಿ ಅನೇಕವು ಎರಡು ನಿಮಿಷಗಳ ಆಸುಪಾಸಿನಲ್ಲೇ ಮುಗಿಯುವುದರಿಂದ ಯಾವ ಭಾವವೂ ಅತಿಯಾಗಿ ಲಂಬಿಸುವುದಿಲ್ಲ.

2021ರ ಗ್ರ್ಯಾಮಿ ಸಮಾರಂಭದಲ್ಲಿ ಈ ಆಲ್ಬಂ ಪ್ರೋಗ್ರೆಸಿವ್ ಆರ್ ಅಂಡ್ ಬಿ ವಿಭಾಗದ ಪ್ರಶಸ್ತಿಯನ್ನು ಪಡೆಯಿತು. ಅದುವರೆಗೆ ಅರ್ಬನ್ ಕಂಟೆಂಪೊರರಿ ಎಂದು ಕರೆಯಲ್ಪಡುತ್ತಿದ್ದ ಆ ವಿಭಾಗಕ್ಕೆ ಹೊಸ ಹೆಸರು ಬಂದ ಮೇಲೆ ದೊರೆತ ಮೊದಲನೆಯ ಪ್ರಶಸ್ತಿ ಇದೇ.