ಗಾಳಿ ಬಿಸಿಲುಗಳ ವಿದ್ಯುಚ್ಛಕ್ತಿಯೂ ರಾಜ್ಯನೀತಿಯೂ

ಗಾಳಿಗೂ ಬಿಸಿಲಿಗೂ ಒಡೆಯರಿಲ್ಲ. ಕಲ್ಲಿದ್ದಲು ಗಣಿಯವನ ಸೊತ್ತು. ಹೊಳೆಯ ನೀರಿಗೆ ಕಟ್ಟೆ ಕಟ್ಟಿದವನು ಹಕ್ಕುಗಾರನು. ಆದರೆ ಅಂಗಳಕ್ಕೆ ಬೀಳುವ ಬಿಸಿಲನ್ನಾಗಲಿ, ಗುಡ್ಡದ ಮೇಲೆ ಬೀಸುವ ಗಾಳಿಯನ್ನಾಗಲಿ ಪೂರ್ವದಲ್ಲಿ ಯಾರೂ ಅಳೆದು ಮಾರಿದುದಿಲ್ಲ. ಹೀಗಿರುವಲ್ಲಿ ಇವೆರಡೂ ಈ ಕಾಲದಲ್ಲಿ ಮನೆಗಳಿಗೆ ಬೆಳಕಾಗಿಯೂ ಕಾರ್ಖಾನೆಗಳಿಗೆ ಬಲವಾಗಿಯೂ ಪರಿಣಮಿಸಿದುದು ಯಂತ್ರಶಿಲ್ಪಿಗಳ ಚಾತುರ್ಯವೊಂದರಿಂದಲೇ ಅಲ್ಲ; ಶಾಸನದಿಂದಲೂ ಹೌದು. ಪ್ರಾಚೀನ ನೀತಿಶಾಸ್ತ್ರಕಾರರು ರಾಜ್ಯದ ಕರ್ತವ್ಯವನ್ನು ಗಳಿಕೆ, ರಕ್ಷಣೆ, ವೃದ್ಧಿ, ವಿನಿಯೋಗ ಎಂದು ನಾಲ್ಕಾಗಿ ವಿಂಗಡಿಸಿದರು. ಭಾರತದಲ್ಲಿ ಈ ಶಕ್ತಿಗಳು ಬೆಳೆದು ಬಂದ ಚರಿತ್ರೆಯನ್ನು ಅದೇ ಕ್ರಮದಲ್ಲಿ ಪರಿಶೀಲಿಸಿದರೆ, ಎಲ್ಲಿ ಕಾರ್ಯವು ಸಿದ್ಧಿಸಿತು, ಎಲ್ಲಿ ಕೊರತೆಯುಳಿಯಿತು ಎಂಬುದು ವಿಶದವಾಗುವುದು.

ಮೊದಲನೆಯದು ಗಳಿಕೆ. ಹೊಸ ಶಕ್ತಿಗೆ ಸರ್ಕಾರದವರೇ ಮುಂದಾಗಿ ನಿಲ್ಲಬೇಕೆಂಬುದು ಕನ್ನಡ ನಾಡಿಗೆ ಹೊಸ ಮಾತಲ್ಲ. 1902ರಲ್ಲಿ ಮೈಸೂರು ಸಂಸ್ಥಾನದವರು ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಸಾಗಿಸಿ ಈ ಮಾರ್ಗವನ್ನು ತೋರಿದ್ದರು. 1973ರಲ್ಲಿ ಅರಬ್ ದೇಶಗಳ ನಿರ್ಬಂಧದಿಂದ ತೈಲದ ಬೆಲೆಯು ಏರಿದಾಗ, ಪರದೇಶದ ಇಂಧನವನ್ನೇ ನಂಬಿದರೆ ಉಳಿಗಾಲವಿಲ್ಲವೆಂಬ ಅರಿವು ಭಾರತ ಸರ್ಕಾರದವರಿಗೂ ಉಂಟಾಯಿತು. ಅದರ ಫಲವಾಗಿ 1981ರಲ್ಲಿ ಒಂದು ಆಯೋಗವೂ, 1982ರಲ್ಲಿ ಅಸಾಂಪ್ರದಾಯಿಕ ಶಕ್ತಿಮೂಲಗಳ ಇಲಾಖೆಯೂ, 1987ರಲ್ಲಿ ಈ ಉದ್ಯಮಕ್ಕೆ ಸಾಲವನ್ನೊದಗಿಸುವ ಸಂಸ್ಥೆಯೂ, 1992ರಲ್ಲಿ ಪ್ರತ್ಯೇಕ ಸಚಿವಾಲಯವೂ ಏರ್ಪಟ್ಟವು. 1986ರ ಸುಮಾರಿಗೆ ತೂತ್ತುಕುಡಿ, ಓಖಾ, ರತ್ನಗಿರಿ ಮೊದಲಾದ ಕಡಲತೀರಗಳಲ್ಲಿ ಪರೀಕ್ಷಾರ್ಥವಾಗಿ ಗಾಳಿಯಂತ್ರಗಳನ್ನು ನಿಲ್ಲಿಸಲಾಯಿತು.

ಎರಡನೆಯದು ರಕ್ಷಣೆ. ಎಳೆಯ ಸಸಿಗೆ ಬೇಲಿ ಬೇಕಾಗುವಂತೆ, ಬೆಲೆಯಲ್ಲಿ ಕಲ್ಲಿದ್ದಲಿನೊಡನೆ ಹೋರಾಡಲಾರದ ಗಾಳಿಯಂತ್ರಕ್ಕೆ ಆಶ್ರಯವು ಬೇಕಾಗಿತ್ತು. 1990ರ ದಶಕದಲ್ಲಿ ಯಂತ್ರದ ಪೂರ್ಣ ಬೆಲೆಯನ್ನು ಮೊದಲನೆಯ ವರ್ಷದಲ್ಲಿಯೇ ಸವಕಳಿಯೆಂದು ಲೆಕ್ಕಕ್ಕೆ ಹಿಡಿದು ಆದಾಯತೆರಿಗೆಯಲ್ಲಿ ಕಳೆದುಕೊಳ್ಳುವ ಅನುಕೂಲವನ್ನು ಸರ್ಕಾರದವರು ಕಲ್ಪಿಸಿದರು. ಧನಿಕ ಕಂಪೆನಿಗಳು ಮುಂದೆ ಬಂದವು. ಗುಡ್ಡಗಳ ನೆತ್ತಿಯಲ್ಲಿ ಯಂತ್ರಗಳು ಎದ್ದವು. ಆದರೆ ಈ ರಿಯಾಯಿತಿಯು ಯಂತ್ರವನ್ನು ನಿಲ್ಲಿಸಿದುದಕ್ಕೆ ದೊರೆಯುತ್ತಿತ್ತೇ ಹೊರತು, ಅದು ತಿರುಗಿ ವಿದ್ಯುತ್ತನ್ನು ಕೊಟ್ಟುದಕ್ಕಲ್ಲ. ಈ ದೋಷವನ್ನು ತಿದ್ದುವುದಕ್ಕಾಗಿ, ಉತ್ಪನ್ನವಾದ ಪ್ರತಿಯೊಂದು ಯೂನಿಟ್ಟಿಗೆ 50 ಪೈಸೆಯ ಪ್ರೋತ್ಸಾಹಧನವನ್ನು ಕೊಡುವ ಏರ್ಪಾಡು 2009ರಲ್ಲಿ ಜಾರಿಗೆ ಬಂದಿತು. 2012ರಲ್ಲಿ ಎರಡು ಅನುಕೂಲಗಳನ್ನೂ ಒಮ್ಮೆಗೇ ಹಿಂದೆಗೆದುಕೊಂಡಾಗ, ಹಿಂದಿನ ವರ್ಷ ಸುಮಾರು 3,200 ಮೆಗಾವಾಟ್‌ನಷ್ಟಿದ್ದ ಹೊಸ ಸ್ಥಾಪನೆಯು ಸುಮಾರು 1,700ಕ್ಕೆ ಕುಸಿಯಿತು. ಗಾಳಿಯು ಆ ವರ್ಷವೂ ಎಂದಿನಂತೆಯೇ ಬೀಸಿತ್ತು. ಬದಲಾದುದು ಶಾಸನ ಮಾತ್ರ. ಪ್ರೋತ್ಸಾಹಧನವು 2013ರಲ್ಲಿಯೂ ತೆರಿಗೆಯ ರಿಯಾಯಿತಿಯು 2014ರಲ್ಲಿಯೂ ಪುನಃ ಜೀವ ತಳೆದುವು.

ಮೂರನೆಯದಾದ ವೃದ್ಧಿಯು ಸೌರಶಕ್ತಿಯ ವಿಷಯದಲ್ಲಿ ವಿಸ್ಮಯಕರವಾಗಿದೆ. 2003ರ ವಿದ್ಯುಚ್ಛಕ್ತಿ ಶಾಸನವು, ವಿದ್ಯುತ್ತನ್ನು ಹಂಚುವವರು ಇಂತಿಷ್ಟು ಪಾಲನ್ನು ನವೀಕರಿಸಬಲ್ಲ ಮೂಲಗಳಿಂದ ಕೊಳ್ಳತಕ್ಕದ್ದೆಂದು ವಿಧಿಸುವ ಅಧಿಕಾರವನ್ನು ರಾಜ್ಯಗಳ ನಿಯಂತ್ರಣ ಆಯೋಗಗಳಿಗೆ ಕೊಟ್ಟಿತು. 2010ರಲ್ಲಿ ಆರಂಭವಾದ ರಾಷ್ಟ್ರೀಯ ಸೌರ ಅಭಿಯಾನವು 2022ರೊಳಗೆ 20,000 ಮೆಗಾವಾಟ್‌ನ ಗುರಿಯನ್ನಿಟ್ಟುಕೊಂಡಿತು. 2015ರಲ್ಲಿ ಆ ಗುರಿಯನ್ನು 1,00,000ಕ್ಕೆ ಏರಿಸಲಾಯಿತು. 2010ರಲ್ಲಿ ಕೇಂದ್ರ ಆಯೋಗವು ಸೌರವಿದ್ಯುತ್ತಿನ ಯೂನಿಟ್ಟಿಗೆ 17 ರೂಪಾಯಿ 91 ಪೈಸೆಯ ದರವನ್ನು ನಿಗದಿಮಾಡಿತ್ತು. 2017ರಲ್ಲಿ ರಾಜಸ್ಥಾನದ ಭಡ್ಲಾದ ಹರಾಜಿನಲ್ಲಿ ಅದು 2 ರೂಪಾಯಿ 44 ಪೈಸೆಗೆ ಇಳಿಯಿತು. ಪ್ರಪಂಚದಲ್ಲೆಲ್ಲ, ವಿಶೇಷವಾಗಿ ಚೀನಾದೇಶದಲ್ಲಿ, ಫಲಕಗಳ ತಯಾರಿಕೆ ಹೆಚ್ಚಿ ಅವುಗಳ ಬೆಲೆ ತಗ್ಗಿದುದು ಇದಕ್ಕೆ ಒಂದು ಕಾರಣ. ಬಹುವರ್ಷಗಳ ಖರೀದಿಯ ಭರವಸೆಯಿತ್ತು ಹರಾಜಿನಲ್ಲಿ ಸ್ಪರ್ಧೆಯನ್ನು ಹುಟ್ಟಿಸಿದ ನೀತಿಯು ಇನ್ನೊಂದು.

ಇನ್ನು ವಿನಿಯೋಗ. ಇದರ ಪರೀಕ್ಷೆಗೆ ತುಮಕೂರು ಜಿಲ್ಲೆಯ ಪಾವಗಡಕ್ಕಿಂತ ಯೋಗ್ಯವಾದ ಸ್ಥಳ ಬೇರೊಂದಿಲ್ಲ. ಮಳೆಯು ಮೇಲಿಂದ ಮೇಲೆ ಕೈಕೊಡುವ, ಶೇಂಗಾ ಬಿತ್ತಿ ಆಕಾಶವನ್ನು ನೋಡುವ ಸೀಮೆಯದು. ಕೇಂದ್ರ ಮತ್ತು ರಾಜ್ಯಗಳ ಸಂಸ್ಥೆಗಳು ಕೂಡಿ 2015ರಲ್ಲಿ ಒಂದು ಕಂಪೆನಿಯನ್ನು ಸ್ಥಾಪಿಸಿ, ತಿರುಮಣಿ, ವಳ್ಳೂರು, ಬಾಲಸಮುದ್ರ ಮೊದಲಾದ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆ ಭೂಮಿಯಲ್ಲಿ ಸೌರೋದ್ಯಾನವನ್ನು ನಿರ್ಮಿಸಲು ಸಂಕಲ್ಪಿಸಿದವು. ಇಲ್ಲಿ ಭೂಮಿಯನ್ನು ರೈತರಿಂದ ಕಿತ್ತುಕೊಳ್ಳಲಿಲ್ಲ, ಕೊಂಡುಕೊಳ್ಳಲೂ ಇಲ್ಲ, ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ ಎಂದು ನಿಷ್ಕರ್ಷೆಯಾಯಿತು. 2018ರ ಮಾರ್ಚಿಯಲ್ಲಿ ಉದ್ಘಾಟನೆಗೊಂಡ ಉದ್ಯಾನವು 2019ರ ಕೊನೆಗೆ 2,050 ಮೆಗಾವಾಟ್‌ನಷ್ಟಾಯಿತು. ಬರಗಾಲದಲ್ಲಿಯೂ ತಪ್ಪದ ವರಮಾನ, ಕೈಬಿಡದ ಒಡೆತನ: ಭೂಮಿಯುಳ್ಳವನಿಗೆ ಇದು ನಿಜವಾದ ಉಪಕಾರವೇ ಸರಿ.

ಆದರೆ ಆ ಹೊಲಗಳಲ್ಲಿ ಕಳೆ ಕಿತ್ತು ಕೂಲಿ ಪಡೆಯುತ್ತಿದ್ದ ಭೂಹೀನರಿಗೂ, ಪೈರು ಕೊಯ್ದ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವರಿಗೂ ಗುತ್ತಿಗೆಯ ಪತ್ರದಲ್ಲಿ ಸ್ಥಾನವಿರಲಿಲ್ಲ. ಫಲಕಗಳನ್ನು ತೊಳೆಯುವುದು, ಹುಲ್ಲು ಕತ್ತರಿಸುವುದು, ಕಾವಲು ಕಾಯುವುದು, ಇಷ್ಟೇ ಉಳಿದ ಕೆಲಸ. ಅದೂ ಕೆಲವರಿಗೆ ಮಾತ್ರ. ಯಂತ್ರವನ್ನು ನಿಲ್ಲಿಸಿದವನಿಗೆ ಫಲವಿತ್ತು, ತಿರುಗಿಸಿದವನನ್ನು ಮರೆತಿದ್ದ ಹಳೆಯ ತೆರಿಗೆಯ ದೋಷವೇ ಇಲ್ಲಿ ಬೇರೆ ರೂಪದಿಂದ ಕಾಣಿಸಿಕೊಂಡಿತು: ನೆಲವನ್ನು ಹೊಂದಿದವನಿಗೆ ಫಲ, ನೆಲದಲ್ಲಿ ದುಡಿದವನಿಗೆ ವಿಸ್ಮೃತಿ.

ಶಾಸನವು ಯಾವುದನ್ನು ಎಣಿಸುತ್ತದೆಯೋ ಅದು ಬೆಳೆಯುತ್ತದೆಂಬುದಕ್ಕೆ ಈ ನಾಲ್ಕು ದಶಕಗಳ ಚರಿತ್ರೆಯೇ ಸಾಕ್ಷಿ. ಮೊದಲ ತಪ್ಪನ್ನು ತಿದ್ದಲು ಪ್ರತಿ ಯೂನಿಟ್ಟಿಗೆ 50 ಪೈಸೆಯನ್ನು ಎಣಿಸಿಕೊಟ್ಟ ರಾಜ್ಯಕ್ಕೆ, ಎರಡನೆಯದನ್ನು ತಿದ್ದುವುದು ಅಸಾಧ್ಯವಲ್ಲ. ಬಿಸಿಲು ಒಡೆಯನ ಹೊಲದ ಮೇಲೂ ಕೂಲಿಯವನ ಬೆನ್ನ ಮೇಲೂ ಸಮನಾಗಿಯೇ ಬೀಳುತ್ತದೆ.